ಕಡೂರು ಚೆಕ್

ಫ್ಲೈಟ್ ಲೆಫ್ಟಿನೆಂಟ್ ಪ್ರತಿಮಾ ತರೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು, ಕಡೂರಿನಲ್ಲಿಳಿದು, ಮೂರು ಜನರನ್ನು ಕೇಳಿಕೊಂಡು ಮನೆ ಬಾಗಿಲಿಗೆ ಬಂದಾಗ ಓಂಕಾರಮೂರ್ತಿಗಳು ಬನಿಯನ್ನಿನಲ್ಲೇ ಅಟೆನ್ಷನ್ ನಿಂತುಬಿಟ್ಟರು.

"ಏನ್ರೀ ಇದು, ಮೊಮ್ಮಗಳ ವಯಸ್ಸಿನ ಹುಡುಗಿಗೆ!" ಹೆಂಡತಿ ಮಲ್ಲಿಕಾಂಬ ನಕ್ಕರು.

"ಆಫೀಸರ್ ಕಣೇ. ಸುಮ್ನೆ ಕಾಫಿ ಇಡು."

ಪ್ರತಿಮಾ ರಜೆಗೆ ಊರಿಗೆ ಬಂದವಳು. ಅವಳಿರುವ ವಾಯುಪಡೆಯ ಸ್ಕ್ವಾಡ್ರನ್ನಿನಲ್ಲೇ ಒಂದು ಕಾಲದಲ್ಲಿ ಇವರು ವಿಮಾನ ರಿಪೇರಿ ಮಾಡುತ್ತಿದ್ದರು. ಆ ಸ್ಕ್ವಾಡ್ರನ್ನಿಗೀಗ ಅರವತ್ತು ವರ್ಷ ತುಂಬಿತ್ತು, ಚರಿತ್ರೆ ಬರೆಯುವ ಕೆಲಸ ಇವಳ ತಲೆಗೆ ಬಿದ್ದಿತ್ತು. ಅವಳು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿದ್ದೇ ತಡ, ಓಂಕಾರಮೂರ್ತಿಗಳ ಬಾಯಿ ಬಿಚ್ಚಿಕೊಂಡಿತು. ಡಕೋಟಾ ವಿಮಾನದಿಂದ ಗುಡ್ಡದ ಚೌಕಿಗಳಿಗೆ ಅಕ್ಕಿಮೂಟೆ ಎಸೆದ ಕಾಲ. ಆಮೇಲೆ ಹೆಲಿಕಾಪ್ಟರ್ ಬಂದು ಗಾಯಾಳುಗಳನ್ನು ಹೊತ್ತು ತಂದದ್ದು, ನೆರೆ ಬಂದಾಗ ಸೂರಿನ ಮೇಲೆ ಕೂತವರನ್ನು ಎತ್ತಿದ್ದು.

"ಈಗ ನಮ್ಮದು ಪೈಲಟ್ ಕೂರದ ವಿಮಾನ ಸರ್," ಎಂದಳು ಪ್ರತಿಮಾ.

"ಒಳಗೆ ಯಾರೂ ಇಲ್ದೆ ಹಾರುತ್ತೇನವ್ವಾ?" ಮಲ್ಲಿಕಾಂಬ ಕಾಫಿ ಲೋಟ ಹಿಡಿದೇ ನಿಂತರು.

"ನಾವು ಕೆಳಗೆ ಕೋಣೇಲಿ ಕೂತು ಓಡಿಸ್ತೀವಿ ಆಂಟಿ."

"ಒಳ್ಳೇದಾಯ್ತು ಬಿಡು. ಹೊತ್ತಿಗೆ ಸರಿಯಾಗಿ ಊಟಕ್ಕೆ ಏಳ್ಬಹುದು."

ನಕ್ಕು ಮುಗಿದ ಮೇಲೆ ಪ್ರತಿಮಾ ಬಂದ ವಿಷಯಕ್ಕೆ ಬಂದಳು. "ಸರ್, ನಮ್ಮಲ್ಲಿ 'ಕಡೂರು ಚೆಕ್' ಅಂತ ಒಂದಿತ್ತು. ಹೆಲಿಕಾಪ್ಟರ್ ಹಾರೋ ಮುಂಚೆ ನೆಲದ ಮೂರನೇ ತಗಡು ಬಿಚ್ಚಿ, ಕೆಳಗೆ ಏನಾದ್ರೂ ಬಿದ್ದಿದೆಯಾ ಅಂತ ಟಾರ್ಚ್ ಬಿಟ್ಟು ನೋಡೋದು. ಹೆಲಿಕಾಪ್ಟರ್ ಜೊತೆ ರಷ್ಯಾದವರು ಕೊಟ್ಟ ಪುಸ್ತಕದಲ್ಲಿ ಇಲ್ಲ, ಬೇರೆ ಯಾವ ಸ್ಕ್ವಾಡ್ರನ್ನೂ ಮಾಡಲ್ಲ. ಹೋದ ವರ್ಷ ಕೊನೇ ಹೆಲಿಕಾಪ್ಟರ್ ಹೋಗೋವರೆಗೂ ನಾವು ಮಾಡಿದ್ವಿ. ಆ ಹೆಸರು ನಿಮ್ಮಿಂದಲೇ ಬಂದಿದ್ದಾ?"

ಓಂಕಾರಮೂರ್ತಿಗಳು ಲೋಟ ಕೆಳಗಿಟ್ಟರು. "ಹೋದ ವರ್ಷದವರೆಗೂ ಮಾಡ್ತಿದ್ರಾ?"

"ಇವರಿಂದಲೇ ಕಣವ್ವಾ!" ಮಲ್ಲಿಕಾಂಬ ಸೆರಗು ಸಿಕ್ಕಿಸಿಕೊಂಡು ಕೂತರು. "ಮೊದಲ್ನೇ ಹೆಲಿಕಾಪ್ಟರ್ ಹಾರೋ ದಿನ. ರೆಕ್ಕೆ ತಿರುಗ್ತಿದೆ. ಸಾಮಾನು ಲೆಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಕಮ್ಮಿ! ಒಳಗೆಲ್ಲಾದ್ರೂ ಬಿದ್ದಿದ್ರೆ ಮೇಲೆ ಹೋದಾಗ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತಲ್ಲ! ಇವರು ಓಡಿಹೋಗಿ ನಿಲ್ಲಿಸಿದ್ರು. ನೆಲದ ತಗಡಿನ ಕೆಳಗೆ ಸಿಕ್ತು. ದೊಡ್ಡ ಸಾಹೇಬ್ರು ಹೊಗಳಿ ಕಾಗದ ಕೊಟ್ರು. ಅಜ್ಜಂಪುರದಲ್ಲಿ ನಮ್ಮಪ್ಪ ಆ ಕಾಗದಾನ ಮೂರು ಸಲ ಓದಿಸ್ಕೊಂಡು, ಕೊಟ್ರೆ ಈ ಹುಡುಗನಿಗೇ ಕೊಡೋದು ಅಂದ."

ಓಂಕಾರಮೂರ್ತಿಗಳು ಈ ಕಥೆಯನ್ನು ನಲವತ್ತೈದು ವರ್ಷದಿಂದ ಮದುವೆ ಮನೆಗಳಲ್ಲಿ ಕೇಳಿಸಿಕೊಂಡು ಮೀಸೆಯಡಿ ನಕ್ಕವರೇ. ಆದರೆ ಅಷ್ಟು ವರ್ಷ, ಅಷ್ಟು ಹುಡುಗರು, ಚಳಿಯಲ್ಲಿ ಬೆರಳು ಮರಗಟ್ಟುತ್ತಿದ್ದರೂ ಆ ತಗಡಿನ ಹನ್ನೆರಡು ಸ್ಕ್ರೂ ಬಿಚ್ಚಿ ಮತ್ತೆ ಬಿಗಿದಿದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಈಗ ಸುಮ್ಮನಿದ್ದರೆ ಈ ಕಥೆಯೇ ಚರಿತ್ರೆಯ ಪುಸ್ತಕದಲ್ಲಿ ಅಚ್ಚಾಗುತ್ತದೆ. ಬಾಯಿಬಿಟ್ಟರೆ, ಎದುರಿಗೇ ಮಲ್ಲಿಕಾಂಬ ಕೂತಿದ್ದಾಳೆ.

"ತಗಡಿನ ಕೆಳಗೆ ಏನೂ ಇರ್ಲಿಲ್ಲ ಮೇಡಂ," ಎಂದರು.

ಪ್ರತಿಮಾ ಫೋನಿನತ್ತ ಕೈ ಚಾಚಿದಳು. "ಆಫ್ ಮಾಡ್ಲಾ ಸರ್?"

"ಬೇಡ, ಓಡ್ಲಿ. ಅವತ್ತು ಪೂಜೆಗೆ ಸಿಪ್ಪೆ ಸಮೇತ ಕಾಯಿ ತಂದಿದ್ರು. ಪಂಜಾಬಿಗಳು, ಬಂಗಾಳಿಗಳು, ಯಾರ ಕೈಲೂ ಸುಲಿಯೋಕಾಗ್ಲಿಲ್ಲ. ಕಡೂರಿನವನು ನಾನಿರುವಾಗ ಅಂತ ಜಂಬ. ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ಸುಲಿದೆ. ಕಾಯಿ ಒಡೆದ್ವಿ. ಆಮೇಲೆ ಲೆಕ್ಕ ನೋಡಿದ್ರೆ ಸಾಮಾನು ಸಿಕ್ಕಿಸೋ ಬೋರ್ಡಲ್ಲಿ ಒಂದು ಜಾಗ ಖಾಲಿ. ಕೂಗಿ ನಿಲ್ಲಿಸ್ದೆ, ಅದು ನಿಜ. ನಲವತ್ತು ನಿಮಿಷ ಎಲ್ರೂ ಹುಡುಕಿದ್ರು. ಆಮೇಲೆ ಜ್ಞಾಪಕ ಬಂತು. ಶೆಡ್ಡಿನ ಹಿಂದೆ ಸಿಪ್ಪೆ ರಾಶೀಲಿ ಬಿದ್ದಿತ್ತು. ಅಂಗಿಯೊಳಗೆ ಇಟ್ಕೊಂಡು ಬಂದೆ. 'ಎಲ್ಲಿ ಸಿಕ್ತು?' ಅಂತ ಸಾಹೇಬ್ರು ಕೇಳಿದ್ರು. ಮೂರನೇ ತಗಡಿನ ಕೆಳಗೆ ಸರ್, ಅಂದ್ಬಿಟ್ಟೆ."

ಓಂಕಾರಮೂರ್ತಿಗಳು ಹೆಂಡತಿಯ ಮುಖ ನೋಡಲಾರದೆ ಪ್ರತಿಮಾಳ ಶೂ ನೋಡುತ್ತಾ ಕೂತರು.

"ಹಂಗಾದ್ರೆ ನಮ್ಮಪ್ಪ ನನ್ನ ಕೊಟ್ಟಿದ್ದು ತೆಂಗಿನ ಸಿಪ್ಪೆಗಾ!" ಎಂದ ಮಲ್ಲಿಕಾಂಬರಿಗೆ ನಗು ಹತ್ತಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡರೂ ನಿಲ್ಲದು. "ಅಯ್ಯೋ, ಎಷ್ಟು ಮದುವೇಲಿ ಹೇಳ್ದೆ ಕಣ್ರೀ! ಒಂದು ಸಲ ಕಿವೀಲಿ ಉಸುರಬಾರ್ದಿತ್ತಾ?"

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ."

"ಬಾಯಿ ನೋಡು! ಬರ್ಕೊಳವ್ವ ಪ್ರತಿಮಾ, ಇದ್ದದ್ದು ಇದ್ದಂಗೆ ಬರ್ಕೊ. ಕೂಗಿ ನಿಲ್ಲಿಸಿದ್ದು ಇವರೇ ಅಂತಾನೂ ಬರಿ. ಅವತ್ತು ಸುಮ್ನಿದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ."

ಪ್ರತಿಮಾಳಿಗೂ ನಗು ತಡೆಯಲಾಗಲಿಲ್ಲ. "ನಾನೇ ಸಾವಿರ ಸಲ ನಿಂತು ಮಾಡಿಸಿದೀನಿ ಸರ್. ಸಿಕ್ಕಿದ್ದು ಒಂದು ಇಲಿಗೂಡು, ಯಾರದೋ ಕನ್ನಡಕ. ಹಳೇ ಟೆಕ್ನಿಷಿಯನ್ನುಗಳು ಇದನ್ನ ಓದಿದ್ರೆ ನಿಮ್ಮ ನಂಬರ್ ಕೇಳ್ತಾರೆ. ಕೊಡ್ಲಾ?"

"ಕೊಡಿ ಮೇಡಂ. ಹತ್ತು ಗಂಟೆ ಮೇಲೆ ಮಾಡೋಕೆ ಹೇಳಿ. ಅದಕ್ಕೆ ಮುಂಚೆ ಪೂಜೇಲಿರ್ತೀನಿ."

ಪುಸ್ತಕ ಹೊರಬಂದ ತಿಂಗಳಲ್ಲಿ ಹದಿನಾಲ್ಕು ಜನ ಫೋನ್ ಮಾಡಿದರು. ಹಿಂದಿಯಲ್ಲಿ, ತಮಿಳಿನಲ್ಲಿ, ಎಲ್ಲರೂ ಬೈಗುಳದಿಂದಲೇ ಶುರು ಮಾಡಿದರು. ಒಬ್ಬರೂ ಅರ್ಧ ಗಂಟೆಗೆ ಮುಂಚೆ ಫೋನ್ ಇಡಲಿಲ್ಲ.