ದಾಕ್ಷಾಯಣಮ್ಮ, ನಿಮ್ಮನ್ನು ಕೇಳುತ್ತಿದ್ದಾರೆ

ಬೆಂಕಿಪೊಟ್ಟಣದಷ್ಟಿರುವ ಕ್ಯಾಮೆರಾವೊಂದನ್ನು ನಾನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಯಾಕೆಂದು ಹೇಳಿದರೆ ನಗುತ್ತೀರಿ. ಮಧುಗಿರಿಯ ನಮ್ಮ ಕಚೇರಿಯಲ್ಲಿ ಯಾರಿಗೆ ವರ್ಗವಾದರೂ, ಯಾರು ನಿವೃತ್ತರಾದರೂ ಒಂದು ಗ್ರೂಪ್ ಫೋಟೋ ಆಗಲೇಬೇಕು. ಎಲ್ಲರೂ ಸಾಲಾಗಿ ನಿಂತ ಮೇಲೆ ಯಾರಾದರೂ ಮೊಬೈಲು ಕೈಗಿಟ್ಟು, "ಮೇಡಂ, ನೀವೇ ಒಂದು ತೆಗೆದ್ಬುಡಿ" ಎನ್ನುತ್ತಾರೆ. ತೆಗೆದುಬಿಡುತ್ತೇನೆ. ನಮ್ಮಣ್ಣನ ಮನೆಯ ಗೃಹಪ್ರವೇಶದಲ್ಲೂ ಅದೇ ಆಯಿತು. ಇಷ್ಟು ವರ್ಷದ ಫೋಟೋಗಳನ್ನೆಲ್ಲ ಜಾಲಾಡಿದರೆ ಒಂದೆರಡು ಕಡೆ ನನ್ನ ಹೆಬ್ಬೆರಳು ಸಿಕ್ಕೀತು, ಅಷ್ಟೇ.

ಈ ಕ್ಯಾಮೆರಾದ ಗುಂಡಿ ಒತ್ತಿ ಹೋಗಿ ನಿಂತರೆ ಅದೇ ಫೋಟೋ ತೆಗೆಯುತ್ತದಂತೆ. "ಮೊಬೈಲಲ್ಲೂ ಅದು ಐತಲ್ಲ ಮೇಡಂ" ಎಂದ ಪಕ್ಕದ ಮೇಜಿನ ಅನಿಲ್ ಕುಮಾರ್. ಇರಬಹುದು. ಮೊಬೈಲನ್ನು ಎಲ್ಲಿ ಒರಗಿಸಿದರೂ ಜಾರುತ್ತದೆ. ಕೊಳ್ಳುವ ಮೊದಲು, ತೆಗೆದುಕೊಂಡವರ ಅಭಿಪ್ರಾಯಗಳನ್ನೆಲ್ಲ ಕೂತು ಓದಿದೆ. ಯಾರೋ ಏನೋ ಪ್ರಶ್ನೆ ಕೇಳಿದ್ದರೆ ಅದರ ಕೆಳಗೆ ಹಲವರು "ಗೊತ್ತಿಲ್ಲ", "ಗೊತ್ತಿಲ್ಲ, ಕ್ಷಮಿಸಿ" ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು. ಗೊತ್ತಿಲ್ಲ ಎಂದು ಹೇಳುವುದಕ್ಕೂ ಒಬ್ಬರು ಬರಬೇಕೇ?

ಕ್ಯಾಮೆರಾ ಬಂದು ಕೊರಟಗೆರೆಯ ನಮ್ಮ ಮನೆಯ ಅಡುಗೆಕೋಣೆಯ ಗೂಡಿನಲ್ಲಿ ಕೂತಿತು. ಒಂದು ಸಂಜೆ ಮೊಬೈಲಿಗೆ ಸಂದೇಶ ಬಂತು: "ದಾಕ್ಷಾಯಣಮ್ಮ, ಒಬ್ಬ ಗ್ರಾಹಕರು ನಿಮ್ಮನ್ನು ಕೇಳುತ್ತಿದ್ದಾರೆ. ಈ ಕ್ಯಾಮೆರಾ ಅಂಗಿ ಜೇಬಿನಲ್ಲಿ ಹಿಡಿಯುತ್ತದೆಯೇ?"

ನಮ್ಮ ಕಡೆ ಕರೆಯುವುದು ಬೇರೆ, ಸಾರುವುದು ಬೇರೆ. ಬೀದಿಯಲ್ಲಿ ನಿಂತು "ಎಲ್ಲಾರೂ ಬನ್ರಪ್ಪ" ಎಂದರೆ ಅದು ಸಾರಿದ್ದು. ಹೋದರೂ ಆಯಿತು, ಬಿಟ್ಟರೂ ಆಯಿತು. ಹೊಸಿಲು ದಾಟಿ ಬಂದು, ಕುಂಕುಮ ಕೊಟ್ಟು, ಹೆಸರು ಹಿಡಿದು ಹೇಳಿದರೆ ಅದು ಕರೆದದ್ದು. ಹಾಗೆ ಕರೆದ ಮೇಲೆ ಹೋಗದೆ ಇರುವಂತಿಲ್ಲ. ನಮ್ಮಣ್ಣ ಗೃಹಪ್ರವೇಶಕ್ಕೂ ನನಗೆ ವಾಟ್ಸಾಪ್ ಗ್ರೂಪಿನಲ್ಲೇ ಸಾರಿದ್ದ. ಇಲ್ಲಿ ಗುರುತಿಲ್ಲದ ಯಾರೋ ನನ್ನ ಹೆಸರು ಹಿಡಿದು ಕೇಳುತ್ತಿದ್ದರು.

ನನ್ನ ಹತ್ತಿರ ಅಂಗಿ ಜೇಬೆಲ್ಲಿದೆ? ಪಕ್ಕದ ಮನೆಯ ನಂದೀಶ್ವರಯ್ಯನವರ ಜೇಬಿಗೆ ಹಾಕಿ ನೋಡಿದೆ. "ಏನಮ್ಮ ಇದು, ಇಲಿ ಪಾಷಾಣ ಇಕ್ಕಿದಂಗೆ ಇಕ್ತಿದ್ದೀಯ" ಎಂದರು. ಹಿಡಿಯಿತು. ಹಾಗೇ ಬರೆದೆ. ಮತ್ತೊಮ್ಮೆ ಯಾರೋ ಕತ್ತಲಲ್ಲಿ ಹೇಗೆ ಎಂದು ಕೇಳಿದರು. ದೇವರ ದೀಪದ ಮುಂದೆ ಕೂತು ತೆಗೆದು ನೋಡಿ, ಮುಖಕ್ಕೆ ರಾಗಿ ಹಿಟ್ಟು ಮೆತ್ತಿದ ಹಾಗೆ ಬರುತ್ತದೆ ಎಂದು ಬರೆದೆ. ಕಚೇರಿಯಿಂದ ಮನೆಗೆ ಬರುವಾಗ ಬಸ್ಸಿನಲ್ಲೇ ಮೊಬೈಲು ನೋಡತೊಡಗಿದೆ. ಯಾರಾದರೂ ಕೇಳಿರಬಹುದು ಎಂಬ ಆಸೆ.

ಆಮೇಲೆ ಪಾವಗಡದ ಒಬ್ಬರಿಂದ ಈ ಪ್ರಶ್ನೆ ಬಂತು: "ಜೊತೆಗೆ ಯಾರೂ ಇಲ್ಲದಿದ್ದರೆ ನಮ್ಮ ಫೋಟೋ ನಾವೇ ತೆಗೆದುಕೊಳ್ಳಬಹುದೇ?"

ಅದನ್ನು ಎರಡೆರಡು ಸಲ ಓದಿದೆ. ಇದಕ್ಕೆ ಮನೆಯಲ್ಲಿ ಕೂತು ಉತ್ತರ ಕೊಡಬಾರದು ಅನ್ನಿಸಿತು. ಭಾನುವಾರ ಸಿದ್ದರಬೆಟ್ಟಕ್ಕೆ ಹೋದೆ. ಬಂಡೆಯೊಂದರ ಮೇಲೆ ಕ್ಯಾಮೆರಾ ಕೂರಿಸಿ, ಗುಂಡಿ ಒತ್ತಿ, ನೆರಿಗೆ ಎತ್ತಿ ಹಿಡಿದು ಓಡಿದೆ. ಮೊದಲನೆಯದರಲ್ಲಿ ನನ್ನ ಬೆನ್ನು ಬಂತು, ಆಮೇಲಿನದರಲ್ಲಿ ಅರ್ಧ ಮುಖ. ಬೆಟ್ಟ ಹತ್ತಲು ಬಂದಿದ್ದ ಹುಡುಗಿಯೊಬ್ಬಳು, "ಆಂಟಿ, ನಾನು ತೆಗೆದುಕೊಡ್ಲಾ?" ಎಂದಳು.

"ಬೇಡಮ್ಮ, ಒಬ್ಬಳೇ ತಕ್ಕೋಬೇಕು. ಪಾವಗಡದೋರಿಗೆ ಹೇಳ್ಬೇಕಾಗೈತೆ" ಎಂದೆ. ಅವಳು ನನ್ನನ್ನು ಒಂದು ಥರ ನೋಡಿ ಹೋದಳು.

ಕೊನೆಗೆ ಒಂದು ಚೆನ್ನಾಗಿ ಬಂತು. ಪೂರ್ತಿ ನಾನು, ಹಿಂದೆ ಬಂಡೆ, ಬಿಸಿಲು. ಅದನ್ನೇ ಹಾಕಿ ಬರೆದೆ: "ಖಂಡಿತ ಆಗುತ್ತದೆ. ಗುಂಡಿ ಒತ್ತಿದ ಮೇಲೆ ಗಾಬರಿ ಬೇಡ, ಹೋಗಿ ನಿಲ್ಲುವಷ್ಟು ಹೊತ್ತು ಕೊಡುತ್ತದೆ. ನಿಮ್ಮದೂ ತೆಗೆದು ಹಾಕಿ, ನೋಡುತ್ತೇನೆ." ಪಾವಗಡದಿಂದ ಏನೂ ಬರಲಿಲ್ಲ.

ಕಚೇರಿಯಲ್ಲಿ ಬಾಯಿ ತಡೆಯಲಾರದೆ ಅನಿಲ್ ಕುಮಾರನಿಗೆ ಹೇಳಿದೆ, ಜನ ನನ್ನನ್ನು ಹೆಸರು ಹಿಡಿದು ಕೇಳುತ್ತಾರೆ ಎಂದು.

"ಅಯ್ಯೋ ಮೇಡಂ, ತಗೊಂಡೋರಿಗೆಲ್ಲ ಕಳಿಸ್ತಾರೆ ಅದನ್ನ. ಹೆಸ್ರು ಮಿಷಿನ್ನೇ ಹಾಕ್ಕಂತದೆ. ನೀವು ಹೇಳಿದ್ ಮೇಲೆ ನಾನೂ ಒಂದು ತರಿಸ್ಕಂಡೆ, ನಂಗೂ ಬಂದೈತೆ ನೋಡಿ." ಮೊಬೈಲು ತೋರಿಸಿದ. "ಅನಿಲ್ ಕುಮಾರ್, ಒಬ್ಬ ಗ್ರಾಹಕರು ನಿಮ್ಮನ್ನು ಕೇಳುತ್ತಿದ್ದಾರೆ." ಕೆಳಗೆ ಅದೇ ಪಾವಗಡದ ಪ್ರಶ್ನೆ. "ನಾನು ಓದೋಕೂ ಹೋಗಲ್ಲ, ಅಳಿಸ್ಬುಡ್ತೀನಿ."

ಹಾಗಾದರೆ ಇದೂ ಸಾರಿದ್ದೇ. ಕರೆಯದ ಮನೆಗೆ ಸೀರೆ ಉಟ್ಟು, ಬೆಟ್ಟ ಹತ್ತಿ ಹೋಗಿ ಬಂದಿದ್ದೆ. ಅವಮಾನದಿಂದ ಕಿವಿ ಬಿಸಿಯಾಯಿತು. ಮನೆಗೆ ಬಂದವಳೇ ಆ ಫೋಟೋ ಅಳಿಸಿಹಾಕಬೇಕೆಂದು ಪುಟ ತೆಗೆದೆ.

ನನ್ನ ಉತ್ತರದ ಕೆಳಗೆ ಬೇರೆಯವರದೂ ಇದ್ದವು. "ಗೊತ್ತಿಲ್ಲ." "ಕ್ಷಮಿಸಿ, ಇನ್ನೂ ಡಬ್ಬ ಬಿಚ್ಚಿಲ್ಲ." ಸಿರಾ ಕಡೆಯ ಪಟ್ಟನಾಯಕನಹಳ್ಳಿಯಿಂದ ಪರ್ವತಯ್ಯ ಎನ್ನುವವರು ಬರೆದಿದ್ದರು: "ನನಗೆ ತಿಳಿಯದು ತಾಯಿ. ಮೊಮ್ಮಗಳಿಗೆ ತರಿಸಿದ್ದು, ಅವಳು ಬಂದಿಲ್ಲ. ನೀವು ನನ್ನ ಹೆಸರು ಹೇಳಿ ಕೇಳಿದ್ದಕ್ಕೆ ತಿಳಿಸಿದೆ."

ಮೊಬೈಲು ಹಿಡಿದುಕೊಂಡು ಅತ್ತುಬಿಟ್ಟೆ. ಇವರನ್ನೂ ಹೆಸರು ಹಿಡಿದು ಕರೆದಿದ್ದರು. ಕೊಡುವುದಕ್ಕೆ ಏನೂ ಇಲ್ಲದಿದ್ದರೂ ಬಂದು ಮುಖ ತೋರಿಸಿ ಹೋಗಿದ್ದರು. ಇಂಥವರ ಮೇಲೆಯೇ ನಾನು ಸಿಟ್ಟಾಗಿದ್ದೆ.

ಫೋಟೋ ಅಳಿಸಲಿಲ್ಲ. ಇಲ್ಲಿ ಕೇಳಿದರೆ ಕೊಂಡವರಿಗೆಲ್ಲ ಅವರವರ ಹೆಸರು ಹಿಡಿದು ಹೋಗುತ್ತದಲ್ಲ ಎಂದು ಪ್ರಶ್ನೆ ಕೇಳುವ ಜಾಗಕ್ಕೆ ಹೋಗಿ ಬರೆದೆ: "ಎಲ್ಲರದೂ ಊಟ ಆಯ್ತಾ?" ಈ ಪ್ರಶ್ನೆ ವಸ್ತುವಿಗೆ ಸಂಬಂಧಿಸಿಲ್ಲ ಎಂದು ಆ ಮಿಷಿನ್ನು ವಾಪಸು ಕಳಿಸಿತು. ಸರಿ ಎಂದು, "ಕ್ಯಾಮೆರಾ ಹೇಗಿದೆ?" ಎಂದು ಬರೆದೆ. ಅದನ್ನು ಒಪ್ಪಿಕೊಂಡಿತು. ಮಾರನೆಯ ದಿನ ಅನಿಲ್ ಕುಮಾರ್ ಅದನ್ನೂ ಅಳಿಸಿರಬೇಕು.

ವಾರ ಕಳೆದ ಮೇಲೆ ಒಂದೇ ಒಂದು ಉತ್ತರ ಬಂತು, ಪರ್ವತಯ್ಯನವರದು. "ಚೆನ್ನಾಗೈತೆ ಕಣಮ್ಮ. ಬಂಡೆ ಹತ್ರ ನಿಂತಿರೋರು ನೀವೇನಾ? ನೀವು ಹೆಂಗಿದ್ದೀರ?"

ಅದರಲ್ಲಿ ನನ್ನ ಹೆಸರಿರಲಿಲ್ಲ, ಆದರೆ ಕೇಳಿದ್ದು ನನ್ನೊಬ್ಬಳನ್ನೇ. ಉತ್ತರ ಬರೆಯಲು ಕೂತೆ. ಚೆನ್ನಾಗಿದ್ದೇನೆ ಎಂದು ಬರೆದು ಅಳಿಸಿದೆ. ಏನೋ ಇದ್ದೀನಿ ಎಂದು ಬರೆದು ಅದನ್ನೂ ಅಳಿಸಿದೆ. ಒಲೆಯ ಮೇಲಿನ ಅನ್ನ ಸೀದು ಹೋಯಿತು. ಕೊನೆಗೆ ನನಗೂ ಒಂದೇ ಮಾತು ಉಳಿಯಿತು, ಅದನ್ನೇ ಕಳಿಸಿದೆ: "ಗೊತ್ತಿಲ್ಲ, ಕ್ಷಮಿಸಿ."