ಕಾರ್ಡು ಅವಳದು

ಈ ಬಾಗಿಲಿಗೆ ಯಾರೋ ಎಣ್ಣೆ ಬಿಟ್ಟಿರಬೇಕು, ಸದ್ದೇ ಇಲ್ಲದೆ ಮುಚ್ಚಿಕೊಂಡಿತು, ಒಳಗೆ ಹೋದವಳು ನನ್ನ ಪಕ್ಕದ ಸೀಟಿನವಳು, ಹದಿನಾಲ್ಕು ವರ್ಷದಿಂದ ಪಕ್ಕದಲ್ಲೇ, ಹೊರಗೆ ಬೆಂಚಿನ ಮೇಲೆ ನಾನು, ತೊಡೆಯ ಮೇಲೆ ಭದ್ರತಾ ಕ್ಲಿಯರೆನ್ಸ್ ಫಾರಂ — ಐದು ವರ್ಷಕ್ಕೊಮ್ಮೆ ತುಂಬಬೇಕಾದದ್ದು, ಇದು ಪಾಸಾಗದಿದ್ದರೆ ನಾಳೆ ಗೇಟೇ ತೆರೆಯುವುದಿಲ್ಲ, ಕೆಲಸದ ಕಥೆಯೂ ಅಷ್ಟೇ. ಹತ್ತೊಂಬತ್ತನೇ ಪ್ರಶ್ನೆ, ಕಚೇರಿಯ ಕಂಪ್ಯೂಟರನ್ನು ಅನುಮತಿಯಿಲ್ಲದೆ ಎಂದಾದರೂ ಬಳಸಿದ್ದೀರಾ, ಇಲ್ಲ, ಅಂತ ಗುರುತು ಹಾಕಿದ್ದೇನೆ, ಎಷ್ಟು ನೀಟಾಗಿ ಹಾಕಿದ್ದೇನೆ, ಮೆಚ್ಚಬೇಕು. ನಮ್ಮ ವಿಭಾಗದ ಕೆಲಸವೇ ಸಿಬ್ಬಂದಿಯ ಕಡತ ಕಾಯುವುದು, ಮೇಲಿನವರ ಚೀಟಿ ಇಲ್ಲದೆ ಒಂದನ್ನೂ ತೆರೆಯುವ ಹಾಗಿಲ್ಲ, ಕೊರಳಿನ ಕಾರ್ಡು ಸಿಕ್ಕಿಸಿದರೆ ಮಾತ್ರ ಪರದೆ ಬರುತ್ತದೆ, ಸೀಟು ಬಿಟ್ಟು ಏಳುವಾಗ ಕಾರ್ಡು ಕಿತ್ತುಕೊಂಡೇ ಏಳಬೇಕು — ಅವಳು ಕೀಳುತ್ತಿರಲಿಲ್ಲ, ಊಟದ ಡಬ್ಬಿ ತೊಳೆಯಲು ಹೋಗುವಾಗ, ಒಂದ್ನಿಮಿಷ ನೋಡ್ಕೊಳ್ಳೇ, ಅಂತ ನನಗೇ ಒಪ್ಪಿಸಿ ಹೋಗುತ್ತಿದ್ದಳು, ನನಗೇ, ಥೂ.

ತಂಗಿ ಫೋನಿನಲ್ಲಿ, ಅಕ್ಕಾ, ಅವನೂ ನಿಮ್ಮ ಇಲಾಖೆಯವನೇ ತಾನೇ, ಮದುವೆ ಆಗೋಳು ನಾನು, ಒಂದೇ ಒಂದ್ಸಲ ಅವನ ಫೈಲ್ ನೋಡೇ, ಏನಾದ್ರೂ ಮುಚ್ಚಿಟ್ಟಿದಾನಾ ಅಂತ, ಆಗಲ್ಲ ಕಣೇ ಅಂದೆ, ಮೂರು ಸಲ ಅಂದೆ, ನಾಲ್ಕನೇ ಸಲ ಅವಳು ಅತ್ತಳು, ಮಾರನೆಯ ಮಧ್ಯಾಹ್ನ ಪಕ್ಕದ ಮೇಜಿನಲ್ಲಿ, ಪಕ್ಕದವಳು ಕೀಳದೆ ಹೋದ ಕಾರ್ಡಿನ ಪಕ್ಕ, ಹಸಿರು ದೀಪ ಉರಿಯುತ್ತಿತ್ತು, ಆಚೆ ನಲ್ಲಿಯ ಸದ್ದು, ನನ್ನ ಕಾರ್ಡಿನಲ್ಲಿ ನೋಡಿದರೆ ದಾಖಲೆಯಲ್ಲಿ ನನ್ನ ಹೆಸರು ಬೀಳುತ್ತದೆ ಅನ್ನುವುದು ಎಷ್ಟು ಬೇಗ ಹೊಳೆಯಿತಪ್ಪಾ ಈ ತಲೆಗೆ, ನಲ್ಲಿ ನಿಲ್ಲುವಷ್ಟರಲ್ಲಿ ಓದಿ ಮುಗಿಸಿದ್ದೆ. ಏನಿತ್ತು ಅದರಲ್ಲಿ, ಮಣ್ಣಂಗಟ್ಟಿ, ಅವನೇ ಬರೆದುಕೊಟ್ಟಿದ್ದ, ಆಫೀಸಿನ ಕಂಪ್ಯೂಟರಿನಲ್ಲಿ ಎರಡು ತಿಂಗಳು ಗೇಮ್ ಆಡಿದ್ದೆ, ತಪ್ಪು ನನ್ನದು, ಅಂತ, ಕೆಳಗೆ ಷರಾ, ತಾವಾಗಿ ತಿಳಿಸಿದ್ದಾರೆ, ಮುಚ್ಚಿಟ್ಟಿಲ್ಲ, ಅನುಮತಿ ಮುಂದುವರಿಸಬಹುದು. ಅದನ್ನು ಓದಿದ ಕಣ್ಣಿಟ್ಟುಕೊಂಡೇ ಹತ್ತೊಂಬತ್ತಕ್ಕೆ ಇಲ್ಲ ಅಂದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಬಾಗಿಲು ತೆರೆದಿದೆ, ಅವಳು, ಕಣ್ಣು ಕೆಂಪು, ಕೊರಳಲ್ಲಿ ಕಾರ್ಡಿಲ್ಲ, ಇಸ್ಕೊಂಡ್ಬಿಟ್ರು ಕಣೇ, ಚೀಟಿ ಇಲ್ದೆ ಫೈಲ್ ತೆಗ್ದಿದ್ದು ನನ್ನ ಹೆಸರಲ್ಲಿದೆ, ಕಾರ್ಡ್ ಬಿಟ್ಟು ಹೋಗಿದ್ದೆ ಅಂದೆ, ಆಗ ರೂಮಲ್ಲಿ ಯಾರಿದ್ರು ಅಂದ್ರು, ನೆನಪಿಲ್ಲ ಅಂದೆ — ಹಾಗೆಂದು ನನ್ನ ಮುಖ ನೋಡುತ್ತಾಳೆ, ಬೈಯುವುದಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಗೊತ್ತು ಇವಳಿಗೆ, ಮೊದಲಿಂದಲೂ ಗೊತ್ತು, ಮುಖ ತೊಳ್ಕೊಂಡು ಬರ್ತೀನಿ ಅಂತ ಹೊರಟೇಹೋದಳು. ನೀವು ಬನ್ನಿ ಮೇಡಂ, ಒಳಗಿನಿಂದ ಕರೆ. ಮೇಜು, ಅಧಿಕಾರಿ, ಅವಳ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ, ನನ್ನ ಫಾರಂ ಓದಿ ಮತ್ತೆ ನನ್ನತ್ತ ಸರಿಸುತ್ತಾರೆ, ಬರ್ದಿರೋದೆಲ್ಲ ನಿಜಾನಾ, ತಿದ್ದೋದಿದ್ರೆ ಈಗ್ಲೇ ತಿದ್ದಿ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ನೆನಪಿಲ್ಲ ಅಂತ ಅವಳು ಹೇಳಿದ್ದೂ ಸುಳ್ಳಾಗುತ್ತದೆ, ಹೇಳದಿದ್ದರೆ ಅವಳ ಕೆಲಸ ಹೋಗುತ್ತದೆ, ಪೆನ್ನಿನ ಮುಚ್ಚಳ ತೆಗೆದಿದ್ದೇನೆ, ಸಾರ್, ಹತ್ತೊಂಬತ್ತು — ಅಂದಿದ್ದೇನೆ, ಏನು ಹತ್ತೊಂಬತ್ತು, ಕೇಳುತ್ತಿದ್ದಾರೆ, ಆಚೆ ನಲ್ಲಿ ಬಿಟ್ಟಳು, ನೀರಿನ ಸದ್ದು, ನಲ್ಲಿ ನಿಲ್ಲುವಷ್ಟರಲ್ಲಿ, ಹಸಿರು ದೀಪ, ಅವಳ ಕಾರ್ಡಿನ ಪಕ್ಕ, ನನ್ನ ಕಣ್ಣೊಳಗೆ ಉರಿಯುತ್ತಲೇ ಇದೆ, ಹಸಿರು ದೀಪ —