ಮೋಟುಹಲ್ಲಿನ ಅಚ್ಚು

ನಾಲ್ಕು ವರ್ಷದ ಸಂಸಾರ ಮೂರು ಚೀಲಕ್ಕೆ ಇಳಿದಿತ್ತು. ಮೂರನೆಯ ಚೀಲದಲ್ಲಿ ಏನಿದೆ ಎಂದು ನನಗೇ ಗೊತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಹದಿನೈದು ದಿನ ಬರೀ ನಿದ್ದೆ ಮಾಡಬೇಕು ಅಂದುಕೊಂಡಿದ್ದವಳು ಒಂದು ದಿನವೂ ಸರಿಯಾಗಿ ಮಲಗಿರಲಿಲ್ಲ. ಊರಿಗೆ ಹೋಗುವ ಸಂತೋಷ, ನಗರ ಬಿಡುವ ಸಂಕಟ, ಎರಡೂ ಒಟ್ಟಿಗೆ ಗಂಟಲಲ್ಲಿ ಕೂತು ಬಿಸಿತುಪ್ಪದ ಕತೆಯಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಾನು ಓದಿದ್ದು ಹಲ್ಲು ಕಟ್ಟುವ ಕೆಲಸ. ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹಲ್ಲಿನ ಸೆಟ್ಟು ಮಾಡಿ ಕಳಿಸುತ್ತೇವೆ. ಕೊನೆಯ ಎರಡು ವರ್ಷ ಕಾಲೇಜಿನ ಜೊತೆಗೇ ಒಂದು ನೆಲಮಾಳಿಗೆಯ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಬೀದಿಯ ಮಟ್ಟದಲ್ಲಿ ಒಂದೇ ಒಂದು ಕಿಟಕಿ. ಅದರಲ್ಲಿ ಕಾಣುವುದು ದಾರಿಹೋಕರ ಚಪ್ಪಲಿ ಮಾತ್ರ. ಈ ಮಹಾನಗರದ ಬಗ್ಗೆ ಯಾರಾದರೂ ಕೇಳಿದರೆ ನಾನು ಅದರ ಪಾದಗಳ ಬಗ್ಗೆ ಬೇಕಾದಷ್ಟು ಹೇಳಬಲ್ಲೆ.

ಊರಲ್ಲಿ ಅಮ್ಮ ಶಾಲಾ ಸಮವಸ್ತ್ರ ಹೊಲಿಯುತ್ತಾಳೆ. ಅಲ್ಲಿಗೆ ವಾರಕ್ಕೆರಡು ದಿನ ಬರುವ ಹಲ್ಲಿನ ಡಾಕ್ಟರು, ಇನ್ನು ಮೇಲೆ ಕೆಲಸವನ್ನೆಲ್ಲ ನನಗೇ ಕೊಡುವುದಾಗಿ ಹೇಳಿದ್ದರು. ಅಮ್ಮ ಬಟ್ಟೆ ಕತ್ತರಿಸುವ ಮೇಜಿನಲ್ಲಿ ಅರ್ಧ ಖಾಲಿ ಮಾಡಿ ಇಟ್ಟಿದ್ದಳು. ಇಷ್ಟಾದರೂ ಫೋನಿನಲ್ಲಿ ಒಂದು ಮಾತು ಸೇರಿಸಿದ್ದಳು: "ಅಲ್ಲಿ ಯಾರಾದ್ರೂ ಮನಸ್ಸಿಟ್ಟು ಇರು ಅಂದ್ರೆ ಇದ್ದುಬಿಡು ಕಣೇ. ಮೇಜೇನು ಎಲ್ಲಿಗೂ ಓಡಿಹೋಗಲ್ಲ."

ಆ ಮಾತು ಬೇಡವಾಗಿತ್ತು. ಅಂದಿನಿಂದ ನಾನು ಕಾಯತೊಡಗಿದೆ. ಯಾರಾದರೂ ಅಂದರೆ ಬೇರೆ ಯಾರೂ ಅಲ್ಲ, ಮೇಷ್ಟ್ರು. ಲ್ಯಾಬಿನ ಹಿರಿಯ ಕೆಲಸಗಾರ, ನನಗೆ ಕೈಹಿಡಿದು ಕಲಿಸಿದವರು. ನನ್ನನ್ನು ಮೊದಲ ದಿನವೇ 'ಮೋಟುಹಲ್ಲು' ಎಂದು ಕರೆದವರೂ ಅವರೇ. ಚಿಕ್ಕಂದಿನಲ್ಲಿ ಬಿದ್ದು ನನ್ನ ಮುಂದಿನ ಹಲ್ಲೊಂದು ಅರ್ಧ ಮುರಿದಿದೆ. ಹಲ್ಲು ಕಟ್ಟುವವಳಾಗಿಯೂ ಅದನ್ನು ಸರಿಮಾಡಿಸಿಕೊಂಡಿಲ್ಲ. "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ, ನಿಂಗೆ ಎರಡೂ ಅರ್ಧರ್ಧ" ಎಂದು ಅವರು ನಗುತ್ತಿದ್ದರು.

ಮೇಷ್ಟ್ರಿಗೆ ಹೊಗಳುವ ಅಭ್ಯಾಸ ಇಲ್ಲ, ಬೈಯುವ ಅಭ್ಯಾಸವೂ ಇಲ್ಲ. ನಾವು ಕೂರಿಸಿದ ಮೇಣದ ಸೆಟ್ಟನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಚೆನ್ನಾಗಿದ್ದರೆ ಎಡಗಡೆಯ ಟ್ರೇಗೆ. ಚೆನ್ನಾಗಿಲ್ಲದಿದ್ದರೆ ಮಾತಿಲ್ಲದೆ ಬಿಸಿ ಬಾಣಲೆಗೆ. ನಾಲ್ಕು ಗಂಟೆಯ ಕೆಲಸ ಕಣ್ಣೆದುರಿಗೇ ಕರಗುತ್ತದೆ. ಮೊದಲ ವರ್ಷ ನನ್ನದೆಲ್ಲ ಬಾಣಲೆಗೇ ಹೋಯಿತು. ಈಚಿನ ಆರು ತಿಂಗಳಲ್ಲಿ ಒಂದೂ ಹೋಗಿರಲಿಲ್ಲ. ಪಳಗಿಬಿಟ್ಟೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಹೋದ ವಾರ ಆ ಜಂಬ ಇಳಿಯಿತು. ಬಸ್ ಕಂಡಕ್ಟರಾಗಿ ನಿವೃತ್ತರಾದ ಅಜ್ಜನೊಬ್ಬರ ಮೇಣದ ಸೆಟ್ಟು, ಬಾಯಿಗಿಟ್ಟು ನೋಡಿದ ಡಾಕ್ಟರಿಂದ ವಾಪಸು ಬಂತು. ಪರೀಕ್ಷೆಯ ನಡುವೆ ತೂಕಡಿಸುತ್ತ ಮಾಡಿದ್ದೆ, ಬಲಗಡೆಯ ಕೋರೆಹಲ್ಲನ್ನು ಎಡಕ್ಕೂ ಎಡಗಡೆಯದನ್ನು ಬಲಕ್ಕೂ ಕೂರಿಸಿದ್ದೆ. ಮೊದಲ ತಿಂಗಳ ಹುಡುಗಿಯರು ಮಾಡುವ ತಪ್ಪು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿದಷ್ಟು ಎದ್ದು ಕಾಣುತ್ತದೆ. ಅದು ಮೇಷ್ಟ್ರ ಕೈದಾಟಿ ಹೋಗಿತ್ತು! ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವರು ಮಾತ್ರ, "ಮತ್ತೆ ಕೂರಿಸು" ಎಂದರು, ಅಷ್ಟೆ. ಬಾಣಲೆಯ ಕಡೆ ತಿರುಗಲೂ ಇಲ್ಲ.

ಹೇಗೂ ಹೋಗುವವಳು, ಇವಳನ್ನು ತಿದ್ದಿ ಏನು ಉಪಯೋಗ ಎಂದು ಕೈಬಿಟ್ಟಿದ್ದಾರೆ ಎಂದೇ ನಾನು ತಿಳಿದೆ. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಶುಕ್ರವಾರ ಇಡೀ ಲ್ಯಾಬು ಗುಡಿಸಿ ಒರೆಸಿದೆ. ಹೋಗುವವಳು ಎಷ್ಟು ಒಳ್ಳೆಯವಳು ಎಂದು ಗೊತ್ತಾಗಲಿ ಎಂಬ ದುರುದ್ದೇಶವೂ ಇತ್ತು, ಸುಳ್ಳೇಕೆ ಹೇಳಲಿ.

ಸಿಂಕಿನ ಮೇಲಿನ ಹಲಗೆಯನ್ನೂ ಒರೆಸಿದೆ. ಅದು ನಮ್ಮ ಲ್ಯಾಬಿನ ಒಂದು ಪದ್ಧತಿ. ಹೊಸದಾಗಿ ಸೇರಿದವರು ಮೊದಲ ದಿನ ತಮ್ಮದೇ ಬಾಯಿಯ ಅಳತೆ ತೆಗೆದು, ಪ್ಲಾಸ್ಟರಿನಲ್ಲಿ ತಮ್ಮದೇ ಹಲ್ಲಿನ ಅಚ್ಚು ಹೊಯ್ಯಬೇಕು. ಅಚ್ಚು ಆ ಹಲಗೆಯ ಮೇಲೆ ಕೂರುತ್ತದೆ. ಕೆಲಸ ಬಿಡುವ ದಿನ ಮೇಷ್ಟ್ರು ಅದನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಕೆಲವರು ಒಯ್ಯದೆ ಮಾಯವಾಗಿದ್ದರು, ಅವರ ಹಲ್ಲುಗಳು ಅಲ್ಲೇ ಧೂಳು ತಿನ್ನುತ್ತ ಕೂತಿದ್ದವು. ಒಟ್ಟು ಹನ್ನೊಂದು ಬಾಯಿ. ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಅಂದವಾಗಿ ಜೋಡಿಸಿದೆ.

ಶನಿವಾರ ಅರ್ಧ ದಿನ. ಒಂದು ಗಂಟೆಗೆ ಮೇಷ್ಟ್ರು ಎದ್ದು ಹಲಗೆಯ ಬಳಿ ಹೋದರು. ಈಗ ಅನ್ನುತ್ತಾರೆ, 'ಇದು ಇಲ್ಲೇ ಇರಲಿ, ನೀನೂ ಇರು' ಅನ್ನುತ್ತಾರೆ. ಅವರು ಅಚ್ಚೊಂದನ್ನು ಎತ್ತಿಕೊಂಡು ಹಳೆಯ ಕಾಗದದಲ್ಲಿ ನಾಲ್ಕು ಸುತ್ತು ಸುತ್ತಿ, ದಾರ ಕಟ್ಟಿ ಕೊಟ್ಟರು.

"ಒಳ್ಳೇದಾಗ್ಲಿ" ಎಂದರು.

ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಬೀದಿಗೆ ಬಂದ ಮೇಲೆ ಅತ್ತೆ. ಎರಡು ವರ್ಷಕ್ಕೆ ಒಂದು 'ಇರು' ಸಂಪಾದಿಸಲಾಗದವಳು ಎಂದು ನನ್ನನ್ನೇ ಬೈದುಕೊಂಡೆ.

ಕೋಣೆಯಲ್ಲಿ ನನ್ನ ಜೊತೆಗಿದ್ದ ನರ್ಸು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಗೋಡೆಯ ಮೇಲೆ ನನ್ನ ಕ್ಯಾಲೆಂಡರಿದ್ದ ಜಾಗ ಮಾತ್ರ ಬಿಳುಪಾಗಿ ಉಳಿದಿತ್ತು. "ನೀನು ಪುಣ್ಯವಂತೆ. ಹೋಗಿ ನೆಮ್ಮದಿಯಾಗಿ ಮಲಕ್ಕೋ" ಎಂದಳು. ಅಚ್ಚು ಒಡೆಯದಿರಲಿ ಎಂದು ಬಟ್ಟೆಯ ನಡುವೆ ಇಡಲು ಪೊಟ್ಟಣ ಬಿಚ್ಚಿದೆ.

ನನ್ನದಲ್ಲ. ಮುಂದಿನೆರಡು ಹಲ್ಲು ಒಂದರ ಮೇಲೊಂದು ಏರಿ ಕೂತ, ದೊಡ್ಡ ದವಡೆಯ ಯಾರದೋ ಅಚ್ಚು.

"ಯಾರ್ದೇ ಇದು, ಕುದುರೇದಾ?" ಎಂದಳು ನರ್ಸು.

ನಗು ಬರಲಿಲ್ಲ. ನಗರದ ಯಾವ ಬಾಯಿಯನ್ನಾದರೂ ಒಮ್ಮೆ ನೋಡಿದರೆ ಹತ್ತು ವರ್ಷ ಮರೆಯದವರು ಮೇಷ್ಟ್ರು. ಅವರು ನೋಡಿ ಎತ್ತಿಕೊಂಡಿರಲಿಲ್ಲ. ನನ್ನ ಅಚ್ಚು ಮೊದಲಿನಿಂದ ಕೂತಿದ್ದ ಜಾಗದಿಂದ, ಎಡದಿಂದ ಎರಡನೆಯದನ್ನು ಎತ್ತಿಕೊಂಡಿದ್ದರು. ಆ ಜಾಗವನ್ನು ನಾನೇ ನಿನ್ನೆ ಬದಲಿಸಿದ್ದೆ. ಒಂದೊಂದಾಗಿ ಎಲ್ಲ ನೆನಪಾಯಿತು. "ಕನ್ನಡಕ ಮರೆತೆ, ಡಾಕ್ಟರ ಚೀಟಿ ಓದು" ಎಂದು ದಿನಾ ಕೇಳುತ್ತಿದ್ದದ್ದು. ಕೋರೆಹಲ್ಲು ಅದಲುಬದಲಾದದ್ದು ಅವರ ಕಣ್ಣಿಗೆ ಬೀಳದೇ ಹೋದದ್ದು. ಆರು ತಿಂಗಳಿಂದ ನನ್ನ ಮೇಣ ಒಮ್ಮೆಯೂ ಕರಗದಿದ್ದದ್ದು.

ಐದು ಗಂಟೆಗೆ ಬಸ್ಸು. ಆಗ ಎರಡೂವರೆ. ಪೊಟ್ಟಣ ಹಿಡಿದು ಓಡಿದೆ.

ಮೇಷ್ಟ್ರು ಒಬ್ಬರೇ ಇದ್ದರು. ದೀಪ ಕೂಡ ಹಾಕಿರಲಿಲ್ಲ.

"ಮೇಷ್ಟ್ರೇ, ಇದು ನಂದಲ್ಲ."

ಅವರು ಅಚ್ಚನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಮುಂದಿನ ಹಲ್ಲುಗಳನ್ನು ಸವರಿದರು. "ಹೌದು. ಇದು ಮೊದಲು ಇಲ್ಲಿದ್ದ ಆ ಉದ್ದನೆ ಹುಡುಗ, ಲಂಬೂದು. ಎರಡನೇದು ನಿಂದಲ್ವಾ?"

"ನಿನ್ನೆ ಒರೆಸಿ ಬೇರೆ ಥರ ಇಟ್ಟೆ."

"ಹಾಗಾದ್ರೆ ನಾನು ಸಿಕ್ಕಿಬಿದ್ದೆ ಅನ್ನು" ಎಂದು ನಕ್ಕರು.

"ಯಾವಾಗಿಂದ?"

"ಚಳಿಗಾಲದಿಂದ. ಸುತ್ತ ಎಲ್ಲ ಕಾಣುತ್ತೆ, ನಟ್ಟನಡುವೆ ಕಾಣಲ್ಲ. ಈಗ ನಿನ್ನ ಮುಖ ನೋಡಿದ್ರೆ ಎರಡು ಕಿವಿ ಮಾತ್ರ ಇದಾವೆ."

"ನನ್ನ ಮೇಣ ಎಲ್ಲಾ ಟ್ರೇಗೆ ಇಡ್ತಿದ್ರಲ್ಲ?"

"ಮೊದಮೊದಲು ಮುಟ್ಟಿ ನೋಡ್ತಿದ್ದೆ. ಆಮೇಲೆ ನಂಬಿದೆ" ಎಂದರು. "ಆ ಕಂಡಕ್ಟರ್ ಸೆಟ್ಟು ನನ್ನ ತಪ್ಪು. ಕೂರಿಸಿದೋರಿಗೆ ಕಣ್ತಪ್ಪುತ್ತೆ, ನೋಡೋಕೆ ಅಂತಲೇ ನಾನಿರೋದು."

ನಾನು ಸ್ಟೂಲೆಳೆದುಕೊಂಡು ಕೂತೆ. ಹೊರಗೆ ಯಾರದೋ ಹೈಹೀಲ್ಡ್ ಚಪ್ಪಲಿ ಟಕಟಕ ಎಂದು ಹಾದುಹೋಯಿತು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇದ್ದುಬಿಡ್ತಿದ್ದೆ."

ಅವರು ನನ್ನ ಕಿವಿಯ ಕಡೆ ಮುಖ ಮಾಡಿದರು. ಎರಡು ವಾರದಿಂದ ನಾನು ಕಾಯುತ್ತಿದ್ದ ಮಾತು ಅವರ ತುಟಿಯ ಮೇಲೇ ಇತ್ತು. ನಾನು 'ಹೌದು ಮೇಷ್ಟ್ರೇ, ಇರ್ತಿದ್ದೆ' ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವರು ಎಲ್ಲಿ ಕೇಳಿಬಿಡುತ್ತಾರೋ ಎಂದು ನನಗೆ ಹೆದರಿಕೆಯಾಯಿತು. ಈ ಕತ್ತಲೆ ಕೋಣೆ, ಈ ಮೇಣದ ವಾಸನೆ, ಇವರ ಚೀಟಿಗಳನ್ನು ಇನ್ನೂ ಎಷ್ಟು ವರ್ಷ ಓದುವುದು ಎಂಬ ಲೆಕ್ಕ, ಎಲ್ಲ ಒಮ್ಮೆಲೇ ಮೈಮೇಲೆ ಬಂತು. ನನಗೆ ಸಾಕಾಗಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ. ಅವರಿಗೆ ನನ್ನ ಮುಖ ಕಾಣುವುದಿಲ್ಲ, ಸರಿ. ಆದರೆ ತಲೆ ತಿರುಗಿಸಿದ್ದು ಕಂಡಿರಬೇಕು.

"ಬಸ್ಸು ಎಷ್ಟಕ್ಕೆ?" ಎಂದರು.

"ಐದಕ್ಕೆ."

"ಹೊರಡು ಮತ್ತೆ, ಟ್ರಾಫಿಕ್ಕಿರುತ್ತೆ."

ಮೇಷ್ಟ್ರು ಎದ್ದು ಹೋಗಿ ಹಲಗೆಯ ಮೇಲಿನ ಒಂದೊಂದೇ ಅಚ್ಚನ್ನು ಬೆರಳಿನಿಂದ ಸವರುತ್ತ ಬಂದರು. ಕೊನೆಯಿಂದ ಮೂರನೆಯದರಲ್ಲಿ ಬೆರಳು ನಿಂತಿತು. "ಇಲ್ಲಿದೆ, ಮೋಟುಹಲ್ಲು" ಎಂದು ತೆಗೆದುಕೊಟ್ಟರು. ಈ ಸಲ ಕಾಗದ ಸುತ್ತಲಿಲ್ಲ.

"ಸೋಮವಾರ ಓನರ್‌ಗೆ ಹೇಳ್ಬಿಡಿ ಮೇಷ್ಟ್ರೇ. ಪಾಪ, ಜನರ ಬಾಯಿ."

"ಹೇಳ್ತೀನಿ. ಹೇಳ್ದೆ ಇದ್ರೂ ಗೊತ್ತಾಗುತ್ತೆ, ಚೀಟಿ ಓದೋಕೆ ನೀನಿಲ್ವಲ್ಲ." ಅದನ್ನು ಅವರು ತಮಾಷೆಗೇ ಹೇಳಿದ್ದು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎರಡು ವರ್ಷದಲ್ಲಿ ಮೊದಲ ಸಲ ನಗರವನ್ನು ಮೊಣಕಾಲಿನಿಂದ ಮೇಲಕ್ಕೆ ನೋಡುತ್ತಿದ್ದೇನೆ ಅನ್ನಿಸಿತು. ಸಿಗ್ನಲ್ಲುಗಳು, ಅರ್ಧ ಕಟ್ಟಿದ ಮಹಡಿಗಳು, ಒಣಗಲು ಹಾಕಿದ ಬಟ್ಟೆಗಳು. ನೋಡುವ ಆಸಕ್ತಿ ಉಳಿದಿರಲಿಲ್ಲ. ಅಚ್ಚು ಮಡಿಲಲ್ಲಿತ್ತು. ಅಮ್ಮನ ಫೋನು ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದು.

"ಹೊರಟ್ಯಾ?"

"ಹೊರಟೆ."

"ಯಾರೂ ಇರು ಅನ್ನಲಿಲ್ವೇನೇ?"

"ಇಲ್ಲಮ್ಮ."

"ಅಯ್ಯೋ, ಎಂಥ ಜನಾನೋ! ಎರಡು ವರ್ಷ ದುಡಿದಿದೀಯ, ಬಾಯಿಮಾತಿಗಾದ್ರೂ ಒಬ್ಬರು ಅನ್ನಬಾರ್ದಾ?"

"ಅವರದೇನೂ ತಪ್ಪಿಲ್ಲ. ನಾನೇ ಅನ್ನೋಕೆ ಬಿಡಲಿಲ್ಲ" ಎಂದೆ.

ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. "ಏನಂದೆ?" ಎಂದು ಎರಡು ಸಲ ಕೇಳಿದಳು.

"ಮೇಜು ಕಿಟಕಿ ಹತ್ರ ಎಳೆದಿಡಮ್ಮ, ಬೆಳಕು ಬೇಕು" ಎಂದೆ.